ನೀರು ಒಯ್ದ ನಿರ್ದೇಶಕ

ಕೆಂಚನಹಾಳಿನಲ್ಲಿ ಒಂದು ಹತ್ತಿಗಿರಣಿ ಇತ್ತು. ಈಗ ಗಿರಣಿ ಇಲ್ಲ, ಅದರ ಮೈದಾನ ಮತ್ತು ಗಡಿಯಾರದ ಎತ್ತರದ ಕಟ್ಟೆ ಮಾತ್ರ ಇವೆ. ಮೈದಾನದ ಎರಡೂ ತುದಿಗೆ ಎರಡೆರಡು ಎತ್ತರದ ಕಂಬಗಳು, ಅವುಗಳ ನಡುವೆ ಒಂದೊಂದು ಅಡ್ಡಪಟ್ಟಿ. ಊರಿಗೆ ಹೊಸಬರು ಬಂದರೆ, "ಇದೇನ್ರಿ, ಯಾರಿಗೆ ಜೋಕಾಲಿ ಕಟ್ಟೋಕೆ ಹೊರಟಿದ್ದೀರಿ?" ಎಂದು ಕೇಳುತ್ತಾರೆ. ಜೋಕಾಲಿಯೂ ಅಲ್ಲ, ಗೀಕಾಲಿಯೂ ಅಲ್ಲ. ಅದು ರಗ್ಬಿ ಆಟದ ಅಂಗಳ.

ಬಹಳ ಹಿಂದೆ ಗಿರಣಿಗೆ ಮಗ್ಗ ಜೋಡಿಸಲು ಪರದೇಶದ ಫಿಟ್ಟರನೊಬ್ಬ ಬಂದಿದ್ದ. ಕೆಲಸ ಮುಗಿಸಿ ಹೋಗುವಾಗ ಒಂದು ಚೆಂಡು ಬಿಟ್ಟುಹೋದ. ಚೆಂಡು ದುಂಡಗಿರಲಿಲ್ಲ, ಸುಲಿಯದ ತೆಂಗಿನಕಾಯಿಯ ಹಾಗೆ ಉದ್ದಕ್ಕಿತ್ತು. ನೇಯ್ಗೆ ಖಾತೆಯ ಪ್ಯಾರೇಜಾನ್ ಸಾಬರು ಅವನಿಂದ ಆಟ ಕಲಿತಿದ್ದರು. ಆ ಚೆಂಡು ಹಿಡಿದುಕೊಂಡು ಅವರು ಊರಿನ ಮಕ್ಕಳಿಗೆ ಕಲಿಸಿದರು. ಕಲಿಸುತ್ತಾ ಕಲಿಸುತ್ತಾ ಒಂದು ಕ್ಲಬ್ಬನ್ನೇ ಕಟ್ಟಿದರು.

ಆಟ ಸರಳ, ಮಕ್ಕಳೇ. ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಬೇಕು. ಎದುರಿನವರು ಬಾಯಲ್ಲಿ ಬೆರಳಿಟ್ಟುಕೊಂಡು ನೋಡುತ್ತಾ ನಿಲ್ಲುತ್ತಾರೆಯೇ? ಸೊಂಟ ಹಿಡಿದು ಕೆಡವುತ್ತಾರೆ. ಕೆಡವಿದ ಕೂಡಲೇ ಬಿದ್ದವನು ಚೆಂಡನ್ನು ಬಿಡಬೇಕು. ಹಿಂದಿನಿಂದ ಬರುವ ತನ್ನವನು ಅದನ್ನು ಎತ್ತಿಕೊಂಡು ಓಡುತ್ತಾನೆ. ಬಿದ್ದವನು ಬಿಡದೆ ಅಪ್ಪಿಕೊಂಡೇ ಮಲಗಿದರೆ ರೆಫ್ರಿ ಸೀಟಿ ಊದಿ ಎದುರಿನವರಿಗೆ ಪೆನಾಲ್ಟಿ ಕೊಡುತ್ತಾನೆ. ತಪ್ಪು ಒಬ್ಬನದು, ದಂಡ ಹದಿನೈದು ಜನರಿಗೆ.

ಆ ಮಕ್ಕಳಲ್ಲಿ ಕೊಟ್ರೇಶಿ ಎಂಬವನಿದ್ದ. ಓಡಿದರೆ ಗಾಳಿ. ಆದರೆ ಬಿದ್ದರೆ ಚೆಂಡು ಬಿಡುತ್ತಿರಲಿಲ್ಲ. ಹೊಟ್ಟೆಗೆ ಒತ್ತಿಕೊಂಡು ಮುದುಡಿ ಮಲಗುತ್ತಿದ್ದ. ಪ್ಯಾರೇಜಾನ್ ಸಾಬರು ಅವನ ತಲೆಯ ಬಳಿ ಬಂದು ನಿಂತು, "ಏ ಕೊಟ್ರೇಶಿ, ಅದೇನು ನಿಮ್ಮಪ್ಪ ಮಾಡಿಟ್ಟ ಆಸ್ತಿ ಏನಲೇ? ಬಿಡು! ಬಿದ್ದವನು ಚೆಂಡು ಬಿಡಬೇಕು!" ಎಂದು ಕೂಗುತ್ತಿದ್ದರು.

ಒಂದು ಸಲವಲ್ಲ, ಸಾವಿರ ಸಲ ಕೂಗಿದರು. ಕೊನೆಗೆ ಅದು ಕೊಟ್ರೇಶಿಯ ರಕ್ತಕ್ಕೇ ಇಳಿಯಿತು. ಬೆನ್ನು ನೆಲಕ್ಕೆ ತಾಗುವ ಮೊದಲೇ ಚೆಂಡು ಅವನ ಕೈ ಬಿಟ್ಟು ಹಿಂದಿನವನಿಗೆ ಸಿಕ್ಕಿರುತ್ತಿತ್ತು. ಅದನ್ನು ನೋಡಿಯೇ ದೊಡ್ಡ ಊರಿನ ಕ್ಲಬ್ಬಿನವರು ಅವನನ್ನು ಕರೆದುಕೊಂಡು ಹೋದರು. ಅಲ್ಲಿಂದ ಅವನು ಕಡಲು ದಾಟಿ ಕೊಲಂಬೊಗೆ ಹೋದ. ಕೆಂಚನಹಾಳಿನಿಂದ ಹೋಗಿ ಸಂಬಳಕ್ಕೆ ರಗ್ಬಿ ಆಡಿದ ಮೊದಲಿಗ ಅವನೇ. ಒಂದು ವರ್ಷ, ಎರಡು ವರ್ಷವಲ್ಲ, ಹದಿಮೂರು ವರ್ಷ ಆಡಿದ.

ಹದಿಮೂರನೆಯ ವರ್ಷ ಒಂದು ಪಂದ್ಯದಲ್ಲಿ ಇಬ್ಬರು ಒಟ್ಟಿಗೆ ಅವನ ಮೇಲೆ ಬಿದ್ದರು. ಬಲಮೊಣಕಾಲು ಲಟಕ್ಕೆಂದಿತು. ನೋವಿಗೆ ಕಣ್ಣು ಕತ್ತಲಿಟ್ಟಿತು. ಅಂಥ ಹೊತ್ತಿನಲ್ಲೂ ಅವನ ಕೈ ಚೆಂಡನ್ನು ಹಿಂದಕ್ಕೆ ಇಟ್ಟಿತ್ತು. ಆ ಚೆಂಡು ಎತ್ತಿಕೊಂಡೇ ಅವನ ಗೆಳೆಯರು ಪಂದ್ಯ ಗೆದ್ದರು. ಕೊಟ್ರೇಶಿ ಸ್ಟ್ರೆಚರಿನ ಮೇಲೆ ಮಲಗಿ ಅದನ್ನು ನೋಡಿದ, ನಕ್ಕ, ಅತ್ತ. ಅವನ ಆಟ ಅಂದಿಗೆ ಮುಗಿಯಿತು.

ಊರಿನವರು ಅವನನ್ನು ಕೈಬಿಡಲಿಲ್ಲ. ಪ್ಯಾರೇಜಾನ್ ಸಾಬರಿಗೆ ಎಂಬತ್ತು ದಾಟಿತ್ತು. ಅವರ ಜಾಗಕ್ಕೆ ಕೊಟ್ರೇಶಿಯನ್ನು ಕರೆತಂದು ಕ್ಲಬ್ಬಿನ ಡೈರೆಕ್ಟರ್ ಮಾಡಿದರು. ಡೈರೆಕ್ಟರ್ ಎಂದರೆ ಸಿನಿಮಾದವನಲ್ಲ ಮತ್ತೆ! ಯಾರು ಆಡಬೇಕು, ಹೇಗೆ ಪಳಗಬೇಕು, ಯಾವ ಊರಿಗೆ ಯಾವಾಗ ಹೋಗಬೇಕು, ಎಲ್ಲ ನೋಡಿಕೊಳ್ಳುವವನು. ಅದೇ ವರ್ಷ ಕ್ಲಬ್ಬು ಮೊದಲನೆಯ ದರ್ಜೆಯ ಲೀಗಿಗೆ ಏರಿತ್ತು. ಇಪ್ಪತ್ತು ವರ್ಷ ಬೆವರು ಹರಿಸಿ ಏರಿದ ಮೆಟ್ಟಿಲು ಅದು. ಆದರೆ ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ವರ್ಷದ ಕೊನೆಗೆ ಪಟ್ಟಿಯ ತಳದಲ್ಲಿ ಉಳಿದವರು ಮತ್ತೆ ಕೆಳಗಿಳಿಯಬೇಕು.

"ನಾನಿರುವಾಗ ಇಳಿಯೋ ಮಾತೇ ಇಲ್ಲ," ಎಂದ ಕೊಟ್ರೇಶಿ.

ಗಿರಣಿಯ ಹಳೆಯ ಗಡಿಯಾರದ ಕಟ್ಟೆಯ ಮೇಲೆ ಅವನು ಒಂದು ಕುರ್ಚಿ ಹಾಕಿಸಿಕೊಂಡ. ಅಲ್ಲಿಂದ ಇಡೀ ಅಂಗಳ ಅಂಗೈ ಮೇಲಿನ ನೆಲ್ಲಿಕಾಯಿ. ಎದುರಾಳಿಗಳ ಸಾಲಿನಲ್ಲಿ ಎಲ್ಲಿ ಸಂದಿದೆ, ಯಾರು ಸುಸ್ತಾಗಿದ್ದಾರೆ, ಚೆಂಡು ಯಾವ ಕಡೆಗೆ ಹೋಗಬೇಕು, ಎಲ್ಲ ಅವನಿಗೆ ಕಾಣುತ್ತಿತ್ತು. ಕಂಡರೇನು? ಆಟ ನಡೆಯುವಾಗ ಹೊರಗಿನವರು ಅಂಗಳದೊಳಗೆ ಹೋಗುವಂತಿಲ್ಲ. ಹೋಗಬಹುದಾದವರು ಇಬ್ಬರೇ. ಗಾಯಕ್ಕೆ ಪಟ್ಟಿ ಕಟ್ಟುವವರು ಒಬ್ಬರು, ನೀರು ಕೊಡುವವರು ಇನ್ನೊಬ್ಬರು.

ನೀರು ಕೊಡುತ್ತಿದ್ದವಳು ಮೈಲಕ್ಕ. ಗಿರಣಿಯಲ್ಲಿ ನೂಲು ಸುತ್ತುತ್ತಿದ್ದವಳು. ಐವತ್ತೈದರ ಹೆಂಗಸು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಬಾಯಿ. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆರು ಬಾಟ್ಲಿ ಹಿಡಿದು ಓಡಿದಳೆಂದರೆ ಆಟಗಾರರೂ ದಾರಿ ಬಿಡುತ್ತಿದ್ದರು. ಕೊಟ್ರೇಶಿ ಅವಳನ್ನು ಕರೆದು, "ಅಕ್ಕಾ, ನೀರಿನ ಜೊತೆ ದುರುಗೇಶನಿಗೆ ನನ್ನದೊಂದು ಮಾತೂ ತಲುಪಿಸು," ಎಂದ. ದುರುಗೇಶ ತಂಡದ ನಾಯಕ. ಇಪ್ಪತ್ತಾರು ವರ್ಷದವನು, ಹೆಚ್ಚು ಮಾತಿಲ್ಲದವನು.

ಮೊದಮೊದಲು ಇದು ಚೆನ್ನಾಗಿಯೇ ನಡೆಯಿತು. ಎಡಕ್ಕೆ ನುಗ್ಗಿ ಎಂದು ಹೇಳಿ ಕಳಿಸಿದ, ನುಗ್ಗಿದರು, ಗೆದ್ದರು. ಚೆಂಡನ್ನು ಕಂಬಗಳ ನಡುವೆ ಒದೆಸು ಎಂದು ಹೇಳಿ ಕಳಿಸಿದ, ಒದೆಸಿದರು, ಗೆದ್ದರು. ಊರಿನವರು ಕಟ್ಟೆಯ ಕಡೆಗೆ ತಿರುಗಿ ಕೈ ಮುಗಿಯುವುದೊಂದು ಬಾಕಿ. ಕೊಟ್ರೇಶಿಗೆ ಮುರಿದ ಮೊಣಕಾಲೇ ಮರೆತುಹೋಯಿತು. ಹದಿನೈದು ಜನರ ಮೂವತ್ತು ಕಾಲಿನಲ್ಲಿ ತಾನೇ ಓಡುತ್ತಿದ್ದೇನೆ ಎನ್ನಿಸುತ್ತಿತ್ತು.

ಆದರೆ ದಿನ ಕಳೆದಂತೆ ಹುಡುಗರಿಗೆ ಬಾಯಾರಿಕೆ ಹೆಚ್ಚಾಯಿತು. ಪೆನಾಲ್ಟಿ ಸಿಕ್ಕರೆ ನೀರು. ಚೆಂಡು ಹೊರಗೆ ಹೋದರೆ ನೀರು. ಯಾರಾದರೂ ಬಿದ್ದರೆ ಬಿದ್ದವನಿಗಿಂತ ಮೊದಲು ನಾಯಕನಿಗೆ ನೀರು! ನೀರು ಬರುವ ತನಕ ಹದಿನೈದು ಜನವೂ ಕಟ್ಟೆಯ ಕಡೆ ಕತ್ತು ಎತ್ತಿ ನಿಲ್ಲುತ್ತಿದ್ದರು. ಎದುರಾಳಿಗಳೇನು ಕಡ್ಲೆಪುರಿ ತಿನ್ನುತ್ತಾ ಕೂರುತ್ತಾರೆಯೇ? ಇವರು ಕತ್ತು ಎತ್ತಿದಾಗ ಅವರು ಸಾಲು ಸರಿಪಡಿಸಿಕೊಂಡು ಸಿದ್ಧರಾಗಿಬಿಡುತ್ತಿದ್ದರು. ಒಂದು ಪಂದ್ಯ ಹೋಯಿತು, ಎರಡು ಹೋಯಿತು, ಐದು ಹೋಯಿತು.

ಮೈಲಕ್ಕ ಒಂದು ದಿನ ಏದುಸಿರು ಬಿಡುತ್ತಾ ಕಟ್ಟೆ ಹತ್ತಿ ಬಂದು ಬಾಟ್ಲಿಗಳನ್ನು ಧಡಾರನೆ ಇಟ್ಟಳು. "ನೋಡು ತಮ್ಮಾ, ನಾನು ನೀರಿನಾಕೆ. ಟಪಾಲಿನಾಕೆ ಅಲ್ಲ. ಬಾಟ್ಲಿ ತುಂಬಿದ್ದು ತುಂಬಿದಂಗೇ ವಾಪಸ್ ಬರ್ತಾ ಐತೆ. ಆ ಹುಡುಗರು ನನ್ನ ಕೈ ನೋಡೋದಿಲ್ಲ, ಬಾಯಿ ನೋಡ್ತಾರೆ."

"ಇನ್ನೆರಡೇ ಪಂದ್ಯ ಅಕ್ಕಾ, ಒಂದು ಗೆದ್ದರೂ ಉಳ್ಕೋತೀವಿ. ಈಗ ಬಿಟ್ಟರೆ ಹೇಗೆ?" ಎಂದ ಕೊಟ್ರೇಶಿ. ಒಳಗೊಳಗೆ ಅವನಿಗೂ ದಿಗಿಲು ಹತ್ತಿತ್ತು. ಸಾಬರು ಇಪ್ಪತ್ತು ವರ್ಷ ಹೊತ್ತು ಮೇಲೇರಿಸಿದ ಕ್ಲಬ್ಬು ತನ್ನ ಕೈಯಲ್ಲಿ ಒಂದೇ ವರ್ಷಕ್ಕೆ ಕೆಳಗಿಳಿಯಿತು ಎಂದರೆ ಊರಲ್ಲಿ ಮುಖ ಹೇಗೆ ತೋರಿಸುವುದು? ದಿಗಿಲು ಹೆಚ್ಚಾದಷ್ಟೂ ಅವನ ಅಪ್ಪಣೆಗಳೂ ಹೆಚ್ಚಾದವು.

ಆ ಎರಡರಲ್ಲಿ ಮೊದಲನೆಯ ಪಂದ್ಯ ಬಂತು. ಸಂಜೆಯ ಆಟ. ಕೊನೆಯ ಅರ್ಧ ನಿಮಿಷ ಉಳಿದಾಗ ಕೆಂಚನಹಾಳು ಒಂದೇ ಒಂದು ಅಂಕ ಹಿಂದಿತ್ತು. ಆಗ ಅವರಿಗೆ ಪೆನಾಲ್ಟಿ ಸಿಕ್ಕಿತು. ಪೆನಾಲ್ಟಿ ಸಿಕ್ಕ ನಾಯಕನಿಗೆ ಎರಡು ದಾರಿ. ಚೆಂಡನ್ನು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಒದೆಸಿದರೆ ಮೂರು ಅಂಕ. ಒದೆಸದೆ ಚೆಂಡು ಹಿಡಿದು ನುಗ್ಗಿ ಗೆರೆಯಾಚೆ ಊರಿದರೆ ಐದು; ಊರದಿದ್ದರೆ ಸೊನ್ನೆ. ಯಾವುದು ಬೇಕೆಂದು ನಾಯಕನೇ ರೆಫ್ರಿಗೆ ಹೇಳಬೇಕು.

ದುರುಗೇಶ ಕೈ ಎತ್ತಿ ನೀರು ಎಂದ. ಮೈಲಕ್ಕ ಓಡಿದಳು. ರೆಫ್ರಿ ಅಡ್ಡ ಬಂದು ನಿಂತ. "ಅಮ್ಮಾ, ಸಾಕು. ನೀವು ನೀರಿಗಿಂತ ಮಾತನ್ನೇ ಹೆಚ್ಚು ಕುಡಿಸ್ತಿದ್ದೀರಿ. ಈ ಪಂದ್ಯ ಮುಗಿಯೋವರೆಗೂ ಇನ್ನು ಒಳಗೆ ಬರಬೇಡಿ."

ದುರುಗೇಶ ಕಟ್ಟೆಯ ಕಡೆ ನೋಡಿದ. ಕೊಟ್ರೇಶಿ ಕುರ್ಚಿಯ ಮೇಲೆ ಹತ್ತಿ ನಿಂತು ಎರಡೂ ಕೈಯನ್ನು ಕಂಬಗಳ ಕಡೆ ಬೀಸುತ್ತಿದ್ದ. ಆದರೆ ಕಟ್ಟೆಯ ಹಿಂದೆ ಸೂರ್ಯ ಇಳಿಯುತ್ತಿದ್ದ. ದುರುಗೇಶನಿಗೆ ಕಂಡದ್ದು ಕಣ್ಣು ಕುಕ್ಕುವ ಬೆಳಕು, ಅದರೊಳಗೆ ಕುಣಿಯುವ ಒಂದು ಕಪ್ಪು ಆಕಾರ, ಅಷ್ಟೇ.

"ನಾಯಕರೇ, ಏನು ಮಾಡ್ತೀರಿ?" ಎಂದ ರೆಫ್ರಿ.

"ಒಂದು ನಿಮಿಷ ಸಾರ್..."

"ನಿಮಿಷ ನನ್ನ ಹತ್ತಿರ ಇಲ್ಲಪ್ಪ."

ದುರುಗೇಶ ಗಾಬರಿಬಿದ್ದು ಚೆಂಡು ಎತ್ತಿಕೊಂಡು ತಾನೇ ಓಡಿದ. ಅವನು ಓಡುತ್ತಾನೆಂದು ಅವನ ಜೊತೆಯವರಿಗೇ ಗೊತ್ತಿರಲಿಲ್ಲ. ಹಿಂದೆ ಯಾರೂ ಬರಲಿಲ್ಲ. ನಾಲ್ಕು ಹೆಜ್ಜೆಗೆ ಕೆಡವಿದರು, ಅವನು ಬಿಟ್ಟ ಚೆಂಡನ್ನು ಎದುರಿನವರು ಎತ್ತಿಕೊಂಡು ಹೊರಗೆ ಒದ್ದರು. ಪಂದ್ಯ ಮುಗಿಯಿತು.

ಕೊಟ್ರೇಶಿ ಕುಂಟುತ್ತಾ ಕಟ್ಟೆ ಇಳಿದು ಬಂದ. ಸಿಟ್ಟು ನೆತ್ತಿಗೇರಿತ್ತು. ಎಲ್ಲರೆದುರು, "ನಿನಗೆ ಸ್ವಂತ ಬುದ್ಧಿ ಅನ್ನೋದು ಐತೇನಲೇ?" ಎಂದುಬಿಟ್ಟ.

ದುರುಗೇಶ ಬೂಟಿನ ದಾರ ಬಿಚ್ಚುತ್ತಿದ್ದ. ತಲೆ ಎತ್ತದೆ ಹೇಳಿದ: "ಇತ್ತಣ್ಣ. ನೀವು ಬಂದ ಮೇಲೆ ಅದರ ಕೆಲಸ ಬೀಳಲಿಲ್ಲ."

ದುರುಗೇಶ ಅದನ್ನು ಎದುರುತ್ತರವಾಗಿ ಹೇಳಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಅದಕ್ಕೇ ಅದು ಕೊಟ್ರೇಶಿಗೆ ಚುಚ್ಚಿತು. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ. ಬೆಳಗಾಗುತ್ತಲೇ ಪ್ಯಾರೇಜಾನ್ ಸಾಬರ ಮನೆಗೆ ಹೋದ.

ಸಾಬರು ಅಂಗಳದಲ್ಲಿ ಮಣೆಯ ಮೇಲೆ ಕೂತು ಹಳೆಯ ಚೆಂಡೊಂದರ ಹೊಲಿಗೆ ಬಿಗಿಮಾಡುತ್ತಿದ್ದರು. ಕೊಟ್ರೇಶಿ ತನ್ನ ದುಃಖವನ್ನೆಲ್ಲ ತೋಡಿಕೊಂಡ. ಹುಡುಗರು ಸರಿಯಿಲ್ಲ, ನಾಯಕ ಮೆತ್ತಗಿನವನು, ರೆಫ್ರಿ ನೀರು ತಡೆದ, ಸೂರ್ಯ ಅಡ್ಡ ಬಂದ. ಸಾಬರು ಸೂಜಿಯಿಂದ ಕಣ್ಣು ತೆಗೆಯದೆ ಎಲ್ಲ ಕೇಳಿಸಿಕೊಂಡರು. ಕೊನೆಗೆ ದಾರ ಕಡಿದು ಚೆಂಡನ್ನು ಅವನ ಕೈಗೆ ಕೊಟ್ಟರು.

"ಬೀಳು," ಎಂದರು.

"ಏನಂದ್ರಿ ಸಾಬ್ರೇ?"

"ಚೆಂಡು ಹಿಡ್ಕೊಂಡು ಬೀಳು ಅಂದೆ. ಕಿವಿ ಬೇರೆ ಮುರಿದೈತೇನು?"

ಗುರುವಿನ ಮಾತು ಮೀರುವ ಹಾಗಿಲ್ಲ. ನಲವತ್ತರ ಹತ್ತಿರದ ಡೈರೆಕ್ಟರ್ ಸಾಹೇಬರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಅಂಗಳದ ಮಣ್ಣಿಗೆ ಬಿದ್ದರು. ಬೇಲಿಯಾಚೆ ಒಂದು ಕೋಳಿ ಹೆದರಿ ಹಾರಿತು. ಎದುರು ಮನೆಯವಳು ಕಸಬರಿಗೆ ಹಿಡಿದವಳು ಹಾಗೇ ನಿಂತುಬಿಟ್ಟಳು.

"ಈಗ ಏನು ಮಾಡಬೇಕು?" ಎಂದರು ಸಾಬರು.

"ಚೆಂಡು ಬಿಡಬೇಕು."

"ಬಿಡದಿದ್ದರೆ?"

"ಪೆನಾಲ್ಟಿ."

"ದಂಡ ಯಾರಿಗೆ?"

ಕೊಟ್ರೇಶಿ ಕೈಯಲ್ಲಿದ್ದ ಚೆಂಡನ್ನು ನೋಡಿದ. ಮಣ್ಣಿನಲ್ಲಿ ಮಲಗಿಕೊಂಡೇ ಅವನಿಗೆ ಎಲ್ಲ ತಿಳಿಯಿತು. ಕೊಲಂಬೊದಲ್ಲಿ ಮೊಣಕಾಲು ಮುರಿದ ದಿನ ಅವನು ಬಿದ್ದಿದ್ದ. ಆ ದಿನದ ಚೆಂಡನ್ನು ಬಿಟ್ಟಿದ್ದ. ಆದರೆ ಆಟವನ್ನು ಬಿಟ್ಟಿರಲಿಲ್ಲ. ಒಂದು ವರ್ಷದಿಂದ ಅದನ್ನೇ ಹೊಟ್ಟೆಗೆ ಒತ್ತಿಕೊಂಡು ಕಟ್ಟೆಯ ಮೇಲೆ ಮಲಗಿದ್ದ. ಹಿಂದಿನಿಂದ ಬಂದ ದುರುಗೇಶ ಕೈ ಚಾಚಿ ಚಾಚಿ ಸೋತಿದ್ದ.

"ನಮ್ಮವರಿಗೆ," ಎಂದ ಕೊಟ್ರೇಶಿ. ಕಣ್ಣು ತುಂಬಿ ಬಂತು. "ಸಾಬ್ರೇ, ಅದನ್ನೂ ಬಿಟ್ಟುಬಿಟ್ಟರೆ ನನ್ನ ಹತ್ರ ಇನ್ನೇನೈತೆ? ನಾನು ಯಾತಕ್ಕೆ ಬೇಕು?"

ಸಾಬರು ಬಗ್ಗಿ ಅವನ ತೋಳು ಹಿಡಿದರು. "ಬೇಟಾ, ಅರ್ಧ ಪಾಠ ಮರೆತಿದ್ದೀಯ. ಬಿದ್ದವನು ಚೆಂಡು ಬಿಡಬೇಕು ಅಂದೆ. ಅಲ್ಲೇ ಬಿದ್ದಿರು ಅಂದೆನಾ? ಬಿಡಬೇಕು, ಉರುಳಿ ದಾರಿ ಕೊಡಬೇಕು, ಎದ್ದು ಬಂದು ತನ್ನವರ ಹಿಂದೆ ನಿಲ್ಲಬೇಕು. ಹಿಂದೆ ನಿಲ್ಲೋರು ಇಲ್ಲದಿದ್ದರೆ ಮುಂದಿನವನು ಯಾರನ್ನು ನಂಬಿ ಓಡ್ತಾನೆ? ಏಳು, ಚಾ ಆರಿ ಹೋಗ್ತದೆ."

ಆ ವಾರ ಕೊಟ್ರೇಶಿ ಆಟದ ಅಂಗಳಕ್ಕೆ ಹೋದ. ಹುಡುಗರು ಎಂದಿನಂತೆ ಅಪ್ಪಣೆಗೆ ಕಾದು ನಿಂತರು. "ಇವತ್ತು ನೀವೇ ಹೇಳ್ರಪ್ಪ, ಏನು ಮಾಡೋಣ?" ಎಂದ. ಹುಡುಗರು ಮುಖ ಮುಖ ನೋಡಿಕೊಂಡರು. ಮೊದಲ ದಿನ ಯಾರೂ ತುಟಿ ಬಿಚ್ಚಲಿಲ್ಲ. ಎರಡನೆಯ ದಿನ ಒಬ್ಬರ ಮೇಲೊಬ್ಬರು ಕೂಗಾಡಿದರು. ಮೂರನೆಯ ದಿನ ದುರುಗೇಶ ನಡುವೆ ನಿಂತು, "ಸುಮ್ಮನಿರ್ರಲೇ, ನಾನು ಹೇಳ್ತೀನಿ," ಎಂದ. ಅವನು ಹೇಳಿದ್ದು ಕೊಟ್ರೇಶಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನಾಲಿಗೆಯ ತುದಿಗೆ ಬಂದ ಮಾತನ್ನು ತಡೆಯಲು ಅವನು ಬಾಯಿಗೆ ಒಂದು ಮುಷ್ಟಿ ಮಂಡಕ್ಕಿ ಹಾಕಿಕೊಂಡ. ಆ ವಾರದಲ್ಲಿ ಅವನು ತಿಂದ ಮಂಡಕ್ಕಿಗೆ ಲೆಕ್ಕವಿಲ್ಲ.

ಕೊನೆಯ ಪಂದ್ಯದ ದಿನ ಬಂತು. ಗೆದ್ದರೆ ಮೇಲೆ, ಸೋತರೆ ಕೆಳಗೆ. ಕೊಟ್ರೇಶಿ ಸೀದಾ ಮೈಲಕ್ಕನ ಬಳಿ ಹೋದ. "ಅಕ್ಕಾ, ಬಾಟ್ಲಿ ಇಲ್ಲಿ ಕೊಡು. ಇವತ್ತು ನೀರು ನಾನು ಒಯ್ತೀನಿ." ಆ ಲೀಗಿನಲ್ಲಿ ನೀರು ಇಂಥವರೇ ಒಯ್ಯಬೇಕೆಂಬ ಕಟ್ಟಳೆ ಇರಲಿಲ್ಲ, ಹೆಸರು ಬರೆಸಿದ್ದರೆ ಸಾಕಿತ್ತು. ಅವನು ಬೆಳಗ್ಗೆಯೇ ಬರೆಸಿ ಬಂದಿದ್ದ.

ಮೈಲಕ್ಕ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಕುಂಟುಗಾಲಲ್ಲಿ?"

"ಕುಂಟುಗಾಲಲ್ಲೇ."

"ಹಂಗಾದ್ರೆ ನಾನೆಲ್ಲಿ ಕೂರಲಿ?"

"ಕಟ್ಟೆ ಮೇಲೆ ಕುರ್ಚಿ ಖಾಲಿ ಐತೆ."

ಮೈಲಕ್ಕ ಎರಡು ಸಲ ಹೇಳಿಸಿಕೊಳ್ಳಲಿಲ್ಲ. ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಕಟ್ಟೆ ಹತ್ತಿ, ಡೈರೆಕ್ಟರ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು. ಊರೆಲ್ಲ ನಕ್ಕಿತು. ಕೊಟ್ರೇಶಿಯೂ ನಕ್ಕ.

ಅಂಗಳದ ಮಟ್ಟದಲ್ಲಿ ನಿಂತು ನೋಡಿದರೆ ಆಟವೇ ಬೇರೆ. ಮೇಲಿನಿಂದ ಸಾಲುಗಳು ಕಾಣುತ್ತಿದ್ದವು, ಇಲ್ಲಿ ಮುಖಗಳು ಕಂಡವು. ಯಾರ ತುಟಿ ಒಡೆದಿದೆ, ಯಾರ ಉಸಿರು ಕಟ್ಟಿದೆ ಎಂದು ಕಂಡಿತು. ಕೊಟ್ರೇಶಿ ಕುಂಟುತ್ತಾ ಓಡಿ ನೀರು ಕೊಟ್ಟ, ಕುಂಟುತ್ತಾ ವಾಪಸ್ಸು ಬಂದ. ರೆಫ್ರಿ ಕಳೆದ ಸಲದವನೇ. ಇವನ ಬಾಯನ್ನೇ ಗಮನಿಸುತ್ತಿದ್ದ. ಬಾಯಿ ಅಲುಗಲಿಲ್ಲ. ಆಟ ತೂಗುಯ್ಯಾಲೆಯಾಡಿತು. ಇವರು ಮುಂದೆ, ಅವರು ಮುಂದೆ. ಕೊನೆಯ ಎರಡು ನಿಮಿಷ ಉಳಿದಾಗ ಅವರದು ಹದಿನೇಳು, ಇವರದು ಹದಿನೈದು.

ಆಗ ಸೀಟಿ ಕೇಳಿಸಿತು. ಎದುರಿನವನೊಬ್ಬ ಬಿದ್ದು ಚೆಂಡು ಬಿಟ್ಟಿರಲಿಲ್ಲ. ಕೆಂಚನಹಾಳಿಗೆ ಪೆನಾಲ್ಟಿ!

ಜಾಗ ಕಂಬಗಳ ನೇರಕ್ಕೇ ಇತ್ತು, ಹತ್ತಿರವೇ ಇತ್ತು. ತಂಡದಲ್ಲಿ ಕಂಬಕ್ಕೆ ಒದೆಯುವವನು ತಿಪ್ಪೇಶ. ಅಂಥ ಜಾಗದಿಂದ ಅವನು ನಿದ್ದೆಗಣ್ಣಿನಲ್ಲಿ ಒದ್ದರೂ ಚೆಂಡು ಒಳಗೆ ಹೋಗುತ್ತದೆ. ಮೂರು ಅಂಕ ಬಂದರೆ ಗೆದ್ದ ಹಾಗೆಯೇ. "ಒದೆಸು! ಒದೆಸು!" ಎಂದು ಊರೇ ಅರಚಿತು. ಕೊಟ್ರೇಶಿಯ ಒಳಗೂ ಅದೇ ಕೂಗು.

ದುರುಗೇಶ ಕೈ ಎತ್ತಿದ. ನೀರು.

ಕೊಟ್ರೇಶಿ ಓಡಿದ. ಹದಿನೈದು ಮುಖಗಳು ಅವನ ಕಡೆ ತಿರುಗಿದವು. ದುರುಗೇಶನ ಮುಖ ಬೆವರು ಮಣ್ಣಿನಿಂದ ಗುರುತು ಸಿಗದ ಹಾಗಾಗಿತ್ತು. ಅವನು ಬಾಟ್ಲಿಗೆ ಕೈ ಹಾಕಲಿಲ್ಲ. "ಅಣ್ಣಾ, ಹೇಳಿ. ಏನು ಮಾಡ್ಲಿ?" ಎಂದ.

ಒಂದು ಮಾತು ಸಾಕಿತ್ತು. ಅದು ಕೊಟ್ರೇಶಿಯ ಗಂಟಲಲ್ಲೇ ಇತ್ತು. ಹದಿಮೂರು ವರ್ಷದ ಅನುಭವ ಅದನ್ನು ಮೇಲಕ್ಕೆ ನೂಕುತ್ತಿತ್ತು. ಕ್ಲಬ್ಬು ಇಳಿದರೆ ಹೆಸರು ಕೆಡುವುದು ತನ್ನದೇ. ಸಾಬರ ಅಂಗಳದ ಮಣ್ಣು ನೆನಪಾಯಿತು. ಅವನು ಬಾಟ್ಲಿಯ ಮುಚ್ಚಳ ತೆಗೆದು ದುರುಗೇಶನ ಕೈಗೆ ಇಟ್ಟ.

"ನೀರು ಕುಡಿ," ಎಂದ.

"ಅಣ್ಣಾ..."

"ಕುಡಿಯಪ್ಪ. ನಾನು ನೀರು ಕೊಡೋಕೆ ಬಂದವನು."

ದುರುಗೇಶ ಅವನ ಮುಖ ನೋಡಿದ. ಆಮೇಲೆ ಬಾಟ್ಲಿ ಎತ್ತಿ ಗಟಗಟ ಕುಡಿದ. ಆ ವರ್ಷ ಅವನು ಬಾಯಾರಿ ಕುಡಿದ ಮೊದಲ ನೀರು ಅದೇ ಇರಬೇಕು. ಕೊಟ್ರೇಶಿ ಬಾಟ್ಲಿ ಇಸಿದುಕೊಂಡು ಗೆರೆಯ ಕಡೆ ನಡೆದ. ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ದುರುಗೇಶ ರೆಫ್ರಿಗೆ ಏನೋ ಹೇಳಿದ್ದು ಕೇಳಿಸಿತು, ಅದರ ಬೆನ್ನಿಗೇ ಊರೆಲ್ಲ, "ಅಯ್ಯಯ್ಯೋ, ಒದೆಸ್ತಿಲ್ಲ! ಕೆಟ್ಟಿತು ಕೆಲಸ!" ಎಂದು ತಲೆಯ ಮೇಲೆ ಕೈ ಹೊತ್ತದ್ದೂ ಕೇಳಿಸಿತು.

ಕೊಟ್ರೇಶಿ ತಿರುಗಿದ. ದುರುಗೇಶ ಚೆಂಡು ಹಿಡಿದು ನುಗ್ಗಿಯಾಗಿತ್ತು. ಈ ಸಲ ಅವನ ಹಿಂದೆ ಇಡೀ ತಂಡವಿತ್ತು. ಕೆಡವಿದರು, ಚೆಂಡು ಬಿಟ್ಟ, ಇನ್ನೊಬ್ಬ ಎತ್ತಿದ. ಅವನನ್ನೂ ಕೆಡವಿದರು, ಅವನೂ ಬಿಟ್ಟ, ಮತ್ತೊಬ್ಬ ಎತ್ತಿದ. ಬೀಳುವುದು, ಬಿಡುವುದು, ಎತ್ತುವುದು. ಹಾಗೆ ಗೇಣು ಗೇಣೇ ಮುಂದೆ ಹೋದರು. ಮೊದಲು ಬಿದ್ದ ದುರುಗೇಶ ಎದ್ದು ಬಂದು ಮತ್ತೆ ಹಿಂದೆ ಸೇರಿದ, ಚೆಂಡು ಎತ್ತಿದ, ಗೆರೆಗೆ ಒಂದು ಮೊಳ ಇರುವಾಗ ಮತ್ತೆ ಬಿದ್ದ. ಕೈ ಚಾಚಿದ್ದರೆ ಮುಟ್ಟುತ್ತಿತ್ತೇನೋ. ಮುಟ್ಟದಿದ್ದರೆ? ಅವನು ಆಸೆ ಮಾಡಲಿಲ್ಲ. ಬಿಟ್ಟ. ಹಿಂದಿನಿಂದ ಬಂದ ತಂಡದ ಅತಿ ದಪ್ಪನೆಯ ಹುಡುಗ ಅದನ್ನು ಎತ್ತಿಕೊಂಡು ಗೆರೆಯಾಚೆ ದೊಪ್ಪನೆ ಬಿದ್ದ.

ಐದು ಅಂಕ. ಇಪ್ಪತ್ತು, ಹದಿನೇಳು. ಕಟ್ಟೆಯ ಮೇಲೆ ಮೈಲಕ್ಕ ಮಿರ್ಚಿಯ ಪೊಟ್ಟಣ ಗಾಳಿಗೆ ತೂರಿ ಕುಣಿದಳು.

ಹಾಗೆ ಗೆರೆ ದಾಟಿದವರಿಗೆ ಕಂಬಕ್ಕೆ ಒದೆಯುವ ಒಂದು ಅವಕಾಶ ಹೆಚ್ಚಿಗೆ ಸಿಗುತ್ತದೆ. ತಿಪ್ಪೇಶ ಒದೆಯಲು ಬರಬೇಕಿತ್ತು. ಅವನು ಅಂಗಳದ ನಡುವೆ ಕೂತುಬಿಟ್ಟಿದ್ದ. ಕೊಟ್ರೇಶಿ ನೀರು ಹಿಡಿದು ಓಡಿಹೋಗಿ ನೋಡಿದ. ತಿಪ್ಪೇಶ ಕಾಲುಚೀಲ ಕೆಳಗಿಳಿಸಿದ. ಎಡಗಾಲಿನ ಹರಡು, ಅಂದರೆ ಪಾದದ ಕೀಲು, ಊದಿ ಬೋರೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಒದೆಯುವಾಗ ಮೈಭಾರವೆಲ್ಲ ಬೀಳುವುದು ಅದೇ ಕಾಲಿನ ಮೇಲೆ.

"ಯಾವಾಗ ಆಯ್ತಲೇ ಇದು?"

"ಅರ್ಧ ಗಂಟೆ ಆಯ್ತಣ್ಣ. ಹೊರಗೆ ಕೂರಿಸ್ತೀರಿ ಅಂತ ಹೇಳಲಿಲ್ಲ. ದುರುಗೇಶನಿಗೆ ಮಾತ್ರ ಗೊತ್ತಿತ್ತು."

ಕೊಟ್ರೇಶಿ ಆ ಕಾಲಿಗೆ ನೀರು ಸುರಿದ. ಕಟ್ಟೆಯ ಮೇಲಿನಿಂದ ಈ ಕಾಲು ಕಾಣುತ್ತಿರಲಿಲ್ಲ. ಹತ್ತು ಮಾರು ದೂರದ ಗೆರೆಯಲ್ಲಿ ನಿಂತೂ ಕಂಡಿರಲಿಲ್ಲ. ಪಕ್ಕದಲ್ಲಿ ಓಡಿದವನಿಗೆ ಮಾತ್ರ ಕಂಡಿತ್ತು.

ಆ ಹೆಚ್ಚಿನ ಒದೆತ ಇಲ್ಲದೆಯೇ ಕೆಂಚನಹಾಳು ಗೆದ್ದಿತು, ಮೇಲಿನ ದರ್ಜೆಯಲ್ಲೇ ಉಳಿಯಿತು. ಆಟ ಮುಗಿದ ಮೇಲೆ ಕೊಟ್ರೇಶಿ ದುರುಗೇಶನ ಹೆಗಲ ಮೇಲೆ ಕೈ ಹಾಕಿದ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆನ್ನಿಸಿತು. "ನಾನಾಗಿದ್ದರೆ ಕಂಬಕ್ಕೆ ಒದೆಸ್ತಿದ್ದೆ ಕಣೋ."

"ಗೊತ್ತಿತ್ತಣ್ಣ," ಎಂದ ದುರುಗೇಶ. ಆಮೇಲೆ ಮೆಲ್ಲಗೆ ಹೇಳಿದ: "ಅವನ ಕಾಲು ಹಂಗಿದೆ ಅಂತ ಗೊತ್ತಿದ್ದರೂ, ನೀವು ಒದೆಸು ಅಂದಿದ್ದರೆ ನಾನು ಒದೆಸಿಬಿಡ್ತಿದ್ದೆ."

ಕೊಟ್ರೇಶಿ ಅವನನ್ನು ಹತ್ತಿರಕ್ಕೆ ಎಳೆದುಕೊಂಡು ತಲೆ ಸವರಿದ. ಆಮೇಲೆ ಖಾಲಿಯಾದ ಆರು ಬಾಟ್ಲಿಗಳನ್ನು ಆರಿಸಿಕೊಂಡು ನಲ್ಲಿಯ ಕಡೆ ಹೋದ.

ಕೊಟ್ರೇಶಿ ಈಗಲೂ ಆ ಕ್ಲಬ್ಬಿನ ಡೈರೆಕ್ಟರ್. ವಾರವಿಡೀ ಕಲಿಸುತ್ತಾನೆ, ತಿದ್ದುತ್ತಾನೆ, ಬೈಯುತ್ತಾನೆ. ಸೀಟಿ ಊದಿ ಆಟ ಶುರುವಾಯಿತೆಂದರೆ ನೀರು ಮಾತ್ರ ಕೊಡುತ್ತಾನೆ. ಕಟ್ಟೆಯ ಮೇಲಿನ ಕುರ್ಚಿಯನ್ನು ಮೈಲಕ್ಕ ಇವತ್ತಿನವರೆಗೂ ಬಿಟ್ಟುಕೊಟ್ಟಿಲ್ಲ. ಅವಳಿಗೆ ಈ ಕಥೆಯ ನೀತಿಯನ್ನು ಯಾರಾದರೂ ಹೇಳಬೇಕು, ಆದರೆ ಹೇಳುವ ಧೈರ್ಯ ಯಾರಿಗಿದೆ?

ನೀತಿ: ನಮ್ಮ ಸರದಿ ಮುಗಿದಾಗ ಹಿಡಿದದ್ದನ್ನು ಹಿಂದೆ ಬರುವವರಿಗೆ ಬಿಟ್ಟುಕೊಡಬೇಕು, ಎದ್ದು ಅವರ ಬೆನ್ನಿಗೆ ನಿಲ್ಲಬೇಕು. ನಾವು ಬಿಡದಿದ್ದರೆ ತಪ್ಪು ನಮ್ಮದು, ದಂಡ ತೆರುವವರು ನಮ್ಮವರು.